ಟೈಲರಮ್ಮನ ಕನ್ನಡಕದ ನಂಬರ್

“ಯಜಮಾನ್ರೇ, ಈ ಕನ್ನಡಕ ಹಾಕ್ಕೊಂಡ್ರೆ ಸೂಜಿ ಕಣ್ಣೇ ಕಾಣಲ್ಲ. ಎರಡು ಸಲ ಬೆರಳಿಗೆ ಚುಚ್ಕೊಂಡೆ ನೋಡಿ,” ಎಂದು ಟೈಲರಮ್ಮ ಹೊಸ ಕನ್ನಡಕವನ್ನು ಮೇಜಿನ ಮೇಲಿಟ್ಟರು.

ಕನ್ನಡಕದಂಗಡಿಯ ತಾತ ಹಳೇ ನೋಟ್‌ಬುಕ್ ನೋಡಿದರು. ಆಮೇಲೆ ಕಂಪ್ಯೂಟರ್ ನೋಡಿದರು. ಅದರಲ್ಲಿದ್ದ ನಂಬರೇ ಬೇರೆ. ಲೆನ್ಸ್ ಮಾಡಿದ್ದು ಕಂಪ್ಯೂಟರ್ ನೋಡಿಕೊಂಡೇ.

“ನಂದೇ ತಪ್ಪಮ್ಮ. ಓದುವಾಗ ಸಾಲು ತಪ್ಪಿರ್ಬೇಕು. ನಾಳೆ ಬೇರೆ ಮಾಡ್ಕೊಡ್ತೀನಿ,” ಎಂದರು.

ಟೈಲರಮ್ಮ ಹೋದ ಮೇಲೆ ತಾತ ನೋಟ್‌ಬುಕ್ ಮುಚ್ಚಿಟ್ಟರು. “ನನ್ನ ಕಣ್ಣೇ ಕೈಕೊಡ್ತಾ ಇದೆ. ಇನ್ನೊಬ್ಬರ ಕಣ್ಣಿನ ಜೊತೆ ಆಟ ಆಡಬಾರದು. ಈ ತಿಂಗಳ ಕೊನೆಗೆ ಅಂಗಡಿ ಮುಚ್ಚಿಬಿಡೋಣ,” ಎಂದು ಕಿರಿಯ ಮಗಳಿಗೆ, ಅಂದರೆ ಮೊಮ್ಮಗಳ ಚಿಕ್ಕಮ್ಮನಿಗೆ, ಹೇಳಿದರು.

ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮೊಮ್ಮಗಳು ಪೆನ್ಸಿಲ್ ಕೆಳಗಿಟ್ಟಳು. ಮನೆಯವರೆಲ್ಲ ಅವಳನ್ನು ಕರೆಯುವುದೇ ಚಿನಕುರಳಿ ಎಂದು.

ಕಂಪ್ಯೂಟರ್ ಬರುವ ಮೊದಲು ಎಷ್ಟು ಚೆನ್ನಾಗಿತ್ತು! ತಾತ ನೋಟ್‌ಬುಕ್ಕಿನಲ್ಲಿ ಸಾಲಿನ ಕೆಳಗೆ ಮರದ ಸ್ಕೇಲ್ ಇಡುತ್ತಿದ್ದರು. ಎತ್ತರದ ಸ್ಟೂಲ್ ಹತ್ತಿ ಕೂತು ಆ ಸ್ಕೇಲನ್ನು ಒಂದೊಂದೇ ಸಾಲು ಕೆಳಗೆ ಸರಿಸುವುದು ಅವಳ ಕೆಲಸ. “ಡ್ರೈವರ್ ಮೇಡಂ, ಮುಂದಕ್ಕೆ ಹೋಗ್ಲಿ,” ಎನ್ನುತ್ತಿದ್ದರು ತಾತ. ಅವಳು ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದಳು. ಆ ದಿನಗಳನ್ನು ನೆನೆದರೆ ಈಗಲೂ ಅವಳಿಗೆ ನಗು ಬರುತ್ತದೆ.

ಚಿಕ್ಕಮ್ಮ ಮಾಡಿದ ಪ್ರೋಗ್ರಾಂನಲ್ಲಿ ಸ್ಕೇಲ್ ಇಲ್ಲ. ಎಲ್ಲ ಸಾಲೂ ಒಂದೇ ಬಿಳಿ. ಕಳೆದ ಭಾನುವಾರ ತಾತ ನೋಟ್‌ಬುಕ್ ನೋಡಿ ಓದುತ್ತಿದ್ದರು, ಇವಳು ಟೈಪ್ ಮಾಡುತ್ತಿದ್ದಳು. ಮಧ್ಯೆ ನೀರು ಕುಡಿಯಲು ಎದ್ದುಹೋದಳು. ಬಂದವಳು ಇನ್ನೊಬ್ಬ ಗಿರಾಕಿ ವಾಚ್‌ಮನ್ ಮಾಮನ ಕನ್ನಡಕದ ನಂಬರನ್ನು ಯಾವ ಸಾಲಿಗೆ ಹಾಕಿದಳೋ!

ಹೇಳಿದರೆ ಇನ್ನು ಕಂಪ್ಯೂಟರ್ ಮುಟ್ಟಲು ಬಿಡುವುದಿಲ್ಲ. ಹೇಳದಿದ್ದರೆ ಅಂಗಡಿಯೇ ಇರುವುದಿಲ್ಲ.

“ತಾತ, ನೀನು ಸರಿಯಾಗೇ ಓದಿದ್ದೆ. ನಾನೇ ಬೇರೆ ಸಾಲಲ್ಲಿ ಹೊಡೆದೆ ಅನ್ಸುತ್ತೆ. ವಾಚ್‌ಮನ್ ಮಾಮಂದು ಖಾಲಿ ಇದ್ಯಾ ನೋಡು.”

ಚಿಕ್ಕಮ್ಮ ನೋಡಿದಳು. ಖಾಲಿಯೇ ಇತ್ತು. ಅದರ ಮೇಲಿನ ಸಾಲು ಟೈಲರಮ್ಮನದು; ವಾಚ್‌ಮನ್ ಮಾಮನ ನಂಬರ್ ಅಲ್ಲಿ ಕೂತಿತ್ತು.

“ನಂದೂ ತಪ್ಪಿದೆ ಕಣೇ. ಯಾವ ಸಾಲಲ್ಲಿದೀವಿ ಅಂತ ಗೊತ್ತಾಗೋ ಹಾಗೆ ಮಾಡ್ಬೇಕಿತ್ತು,” ಎಂದು ಚಿಕ್ಕಮ್ಮ ಟಕಟಕ ಟೈಪ್ ಮಾಡತೊಡಗಿದಳು. ಸ್ವಲ್ಪ ಹೊತ್ತಿಗೆ ಟೈಲರಮ್ಮನ ಸಾಲು ಈ ತುದಿಯಿಂದ ಆ ತುದಿಯವರೆಗೆ ಹಳದಿಯಾಯಿತು. ಬಾಣದ ಕೀ ಒತ್ತಿದರೆ ಹಳದಿ ಒಂದು ಸಾಲು ಕೆಳಗಿಳಿಯಿತು.

ತಾತ ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಚಿನಕುರಳಿ ಕಾದಳು.

“ಹಾಗಾದ್ರೆ ನಾನು ಸರಿಯಾಗಿ ಓದಿದ್ನಾ?” ಎಂದು ಕೇಳಿದರು ತಾತ.

“ಹೂಂ ತಾತ.”

“ನಿಜವಾಗ್ಲೂ?”

“ನಿಜವಾಗ್ಲೂ.”

ತಾತ ಎದ್ದು ಅಂಗಿಯ ತೋಳು ಮಡಚಿದರು. “ನಾಳೆ ಯಾಕೆ? ಈಗಲೇ ಮಾಡ್ತೀನಿ,” ಎಂದು ಲೆನ್ಸ್ ಉಜ್ಜುವ ಮೆಷಿನ್ ಆನ್ ಮಾಡಿದರು. ಅದರ ಗುಂಯ್ ಸದ್ದಿನ ಜೊತೆ ಏನೋ ಗುನುಗತೊಡಗಿದರು.

ತಾನು ತಪ್ಪು ಮಾಡಿದ್ದಾಗಿ ಹೇಳಿದರೆ ಇನ್ನೊಬ್ಬರಿಗೆ ಇಷ್ಟು ಖುಷಿಯಾಗುತ್ತದೆ ಎಂದು ಚಿನಕುರಳಿಗೆ ಗೊತ್ತೇ ಇರಲಿಲ್ಲ.