ಬಿಡಿಸದೆ ಉಳಿದ ಚೆಂಡು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಮರ ಕಡೆಯುವ ಲೇತ್ ಕಾರ್ಖಾನೆಯ ಮಾಲೀಕ ಠಾಣೆಗೆ ಬಂದು ಕಳವಿನ ದೂರು ಕೊಟ್ಟ. ಹೋದದ್ದು ಒಂದು ಮರದ ಚೆಂಡು.

"ಮಕ್ಕಳಾಟದ್ದಾ?" ಎಂದ ಕಾನ್‌ಸ್ಟೇಬಲ್. ಠಾಣೆಯಲ್ಲಿ ಎಲ್ಲರೂ ಅವನನ್ನು ಮೀಸೆ ಎನ್ನುತ್ತಿದ್ದರು.

"ಒಂದೇ ತುಂಡು ಮರದಲ್ಲಿ ಒಂದರೊಳಗೊಂದು ಐದು ಚೆಂಡು, ಸ್ವಾಮಿ. ತೂತಿನೊಳಗೆ ಕೊಕ್ಕೆ ಉಳಿ ಬಿಟ್ಟು, ತೀರ ಒಳಗಿನದರಿಂದ ಶುರು ಮಾಡಿ ಬಿಡಿಸ್ತಾ ಬರಬೇಕು. ನನ್ನ ತಮ್ಮ ಮೂರು ಬಿಡಿಸಿದ್ದ. ನಾಲ್ಕನೇದಕ್ಕೆ ಕೈ ಹಾಕಿದ್ದ, ತೀರ್ಕೊಂಡ. ಅದನ್ನ ನಾನು ಮುಗಿಸಿ ಪ್ರದರ್ಶನಕ್ಕೆ ಕಳಿಸಬೇಕಿತ್ತು."

"ಯಾರ ಹೆಸರಲ್ಲಿ?" ಇನ್ಸ್‌ಪೆಕ್ಟರ್ ಕೇಳಿದರು.

ಮಾಲೀಕ ದನಿ ತಗ್ಗಿಸಿದ. "ನನ್ನ ಹೆಸರಲ್ಲಿ."

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಯಲ್ಲಿ ಬೀಗ ಒಡೆದ ಗುರುತು ಸಿಗಲಿಲ್ಲ. ಒಂದು ಕೀ ಮಾಲೀಕನ ಬಳಿ, ಇನ್ನೊಂದು ಪಾಲಿಶ್ ಕೆಲಸದವನ ಬಳಿ ಇತ್ತು. ತಮ್ಮನ ಕೀ ಅವನು ಸತ್ತಂದಿನಿಂದ ಕಾಣೆ. ಮಾಲೀಕನೂ ಪಾಲಿಶ್‌ನವನೂ ಹೋದ ವಾರವಷ್ಟೇ ಜಗಳವಾಡಿದ್ದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ನನ್ನ ಮೇಲೇ ಯಾಕೆ ಸಾರ್ ಕಣ್ಣು?" ಎಂದ ಪಾಲಿಶ್‌ನವನು.

"ಇನ್ನೂ ಕಣ್ಣು ಹಾಕಿಲ್ಲ" ಎಂದರು ಇನ್ಸ್‌ಪೆಕ್ಟರ್. "ಅಂದಹಾಗೆ, ಚೆಂಡು ಎಲ್ಲಿಡ್ತಿದ್ರು?"

"ಮರದ ಹೊಟ್ಟು ತುಂಬಿದ ಡಬ್ಬಿಯಲ್ಲಿ. ಅದೂ ಇಲ್ಲ ನೋಡಿ. ಅರ್ಧ ಕೆಲಸ ಆದ ಮರ ಇನ್ನೂ ಹಸಿ ಇರುತ್ತೆ. ಗಾಳಿ ತಾಗಿದ್ರೆ ಸೀಳುತ್ತೆ."

ಇನ್ಸ್‌ಪೆಕ್ಟರ್ ಯೋಚಿಸಿದರು. ಮಾರಲು ಕದ್ದವನು ಹೊಟ್ಟನ್ನು ಹೊತ್ತೊಯ್ಯುವುದಿಲ್ಲ.

ಮನೆಗಳ ಶೋಧನೆ ಶುರುವಾಯಿತು. ಪಾಲಿಶ್‌ನವನ ಮನೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಮಾಲೀಕನ ಮನೆಯಲ್ಲಿ ಎರಡು ಫ್ಯಾನು. ಸುಡುಬಿಸಿಲಿನ ಆ ಮಧ್ಯಾಹ್ನ, ತಮ್ಮನ ಹೆಂಡತಿಯ ಒಂಟಿ ಕೋಣೆಯಲ್ಲಿ ಮಾತ್ರ ಕಿಟಕಿ ಮುಚ್ಚಿತ್ತು, ಫ್ಯಾನು ನಿಂತಿತ್ತು. ಅವಳ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

"ಫ್ಯಾನ್ ಹಾಕಮ್ಮಾ."

"ಕೆಟ್ಟಿದೆ ಸಾರ್."

ಮೀಸೆ ಸ್ವಿಚ್ಚು ಒತ್ತಿದ. ಫ್ಯಾನು ಗಿರ್ರನೆ ತಿರುಗಿತು.

"ಆರಿಸಣ್ಣಾ! ಆರಿಸು!" ಅವಳು ಮಂಚದ ಕೆಳಗಿನ ಡಬ್ಬಿಗೆ ಮೈ ಅಡ್ಡ ಮಾಡಿ ಕುಳಿತುಬಿಟ್ಟಳು.

ಪಂಚರ ಎದುರು ಚೆಂಡು ಜಪ್ತಿಯಾಯಿತು. ಹೇಳಿ ಕಳಿಸಿದ ಮೇಲೆ ಮಾಲೀಕ ಬಂದ. "ನನ್ನನ್ನ ಕೇಳಿದ್ರೆ ಕೊಡ್ತಿರಲಿಲ್ವೇನಮ್ಮಾ?"

"ಕೇಳಿದ್ದೆ ಭಾವ. ಹುಚ್ಚು ಅಂದ್ರಿ."

ಇನ್ಸ್‌ಪೆಕ್ಟರ್ ಅವಳತ್ತ ತಿರುಗಿದರು. "ಅವರು ಮುಗಿಸಿದ್ರೆ ನಿಂಗೇನಮ್ಮಾ ನಷ್ಟ?"

"ತೂತಿನೊಳಗೆ ಬೆರಳು ಹಾಕಿ ನೋಡಿ ಸಾರ್. ಮೆಟ್ಟಿಲ ಥರ ಸಿಗುತ್ತಲ್ಲ, ಅಲ್ಲಿ ನಮ್ಮನೆಯವರ ಉಳಿ ನಿಂತಿದ್ದು. ಭಾವ ಮುಗಿಸಿದ್ರೆ ಅದು ಹೋಗುತ್ತೆ."

ಇನ್ಸ್‌ಪೆಕ್ಟರ್ ಬೆರಳು ಹಾಕಿದರು. ಮೆಟ್ಟಿಲು ಸಿಕ್ಕಿತು.

ಸಂಜೆ ನಾಲ್ಕೂವರೆಗೆ ಅವಳ ಬಂಧನವಾಯಿತು. ಠಾಣೆಯಲ್ಲಿ ಸಹಿ ಹಾಕುವಾಗ ಅವಳು ಕೇಳಿದ್ದು ಒಂದೇ ಮಾತು. "ಚೆಂಡು ಭಾವನಿಗೆ ಈಗಲೇ ಕೊಟ್ಟುಬಿಡ್ತೀರಾ?"

"ಕೊಡೋ ಹಾಗಿಲ್ಲ" ಎಂದರು ಇನ್ಸ್‌ಪೆಕ್ಟರ್. "ಮುದ್ದೆಮಾಲು, ಕೇಸಿನ ಸಾಕ್ಷಿ. ಕೇಸು ಮುಗಿಯೋವರೆಗೆ ಯಾರೂ ಉಳಿ ಹಚ್ಚೋ ಹಾಗಿಲ್ಲ."

"ಎಷ್ಟು ದಿನ ಆಗುತ್ತೆ?"

"ಕೋರ್ಟು ಕಣಮ್ಮಾ. ದಿನದ ಲೆಕ್ಕ ಎಲ್ಲಿಂದ ಬಂತು? ವರ್ಷಗಟ್ಟಲೆ."

ಅವಳ ಬಿಗಿದ ಭುಜಗಳು ಆಗ ಇಳಿದವು. ಮೇಜಿನ ಮೇಲೆ ಚೆಂಡು ಹೊಟ್ಟಿನಲ್ಲಿ ಅರ್ಧ ಹೂತು ಕುಳಿತಿತ್ತು. ಮೀಸೆ ಹಣೆ ಒರೆಸಿಕೊಳ್ಳುತ್ತ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದ.

"ಬೇಡ" ಎಂದರು ಇನ್ಸ್‌ಪೆಕ್ಟರ್, ಅವಳು ಬಾಯಿ ತೆರೆಯುವ ಮೊದಲೇ.