ಥೀಮ್ ಇನ್ನೂ ಬಂದಿರಲಿಲ್ಲ

‘ಗೊತ್ತಿಲ್ಲ’ ಎಂಬ ಮೂರಕ್ಷರ ಅವಳ ಬಾಯಿಗೆ ಎಂದೂ ಬಂದದ್ದಿಲ್ಲ. ಪೊಲೀಸ್ ಠಾಣೆಯಲ್ಲಿ ಕಂಪ್ಯೂಟರ್ ಓದಿದ ಪದವೀಧರ ಕಾನ್‌ಸ್ಟೇಬಲ್ ಅವಳೊಬ್ಬಳೇ. ಯಾರು ಏನು ಕೇಳಿದರೂ ಹೌದೆಂದು ತಲೆಯಾಡಿಸುವುದು, ಆಮೇಲೆ ಆ ಸಂಕಟವನ್ನು ಡೈರಿಗೆ ಇಳಿಸುವುದು ಅವಳ ಅಭ್ಯಾಸ. ಠಾಣೆಯವರು ಅವಳಿಗೆ ‘ಡೈರಿ’ ಎಂದೇ ಹೆಸರಿಟ್ಟಿದ್ದರು. ಹದಿನೈದನೇ ತಾರೀಖಿನ ಪುಟದಲ್ಲಿ ಎರಡೇ ಮಾತಿತ್ತು: “ಪಂಚನಾಮೆಯ ಏಳನೇ ಸಾಲು ನನ್ನ ಊಹೆ. ಸರ್‌ಗೆ ಹೇಳಿಲ್ಲ.”

ದೂರು ಬಂದದ್ದು ಹದಿನಾಲ್ಕರಂದು, ಮಧ್ಯಾಹ್ನ ಮೂರೂವರೆಗೆ. ತಂದವಳು ಹೊಲಿಗೆ ಕೆಲಸದ ಹೆಂಗಸು. ಹೆಗಲ ಮೇಲೆ ಇನ್ನೂ ಅಳತೆಪಟ್ಟಿ ನೇತಾಡುತ್ತಿತ್ತು. ಅವಳ ಅಣ್ಣನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಡಯಾಲಿಸಿಸ್ ಕೇಂದ್ರದ ರೋಗಿಗಳೆಲ್ಲ ಬೆಳಿಗ್ಗೆ ಎದ್ದು ಅದರ ವೆಬ್‌ಸೈಟಿನಲ್ಲಿ ತಮ್ಮ ಪಾಳಿ ನೋಡಿಕೊಂಡೇ ಹೊರಡುವವರು. ಹನ್ನೆರಡರ ಬೆಳಿಗ್ಗೆ 6.40ಕ್ಕೆ ಅಣ್ಣನ ಫೋನಿನಲ್ಲಿ ಕಂಡದ್ದನ್ನು ಅವಳು ತೋರಿಸಿದಳು: “ತಾಂತ್ರಿಕ ದೋಷ. ಇಂದಿನ ಪಾಳಿಗಳು ರದ್ದು. ವಿವರಕ್ಕೆ ಕಚೇರಿಗೆ ಫೋನ್ ಮಾಡಿ.”

ಆ ದಿನ ಯಾವ ಪಾಳಿಯೂ ರದ್ದಾಗಿರಲಿಲ್ಲ.

“ನಿಮ್ಮಣ್ಣ ಫೋನ್ ಮಾಡಿ ಕೇಳಲಿಲ್ವಾ?” ಇನ್‌ಸ್ಪೆಕ್ಟರ್ ಕೇಳಿದರು.

“ಅವನು ಯಾರಿಗೂ ತೊಂದ್ರೆ ಕೊಡೋನಲ್ಲ ಸರ್. ರದ್ದು ಅಂದ್ರೆ ರದ್ದು ಅಂತ ಮಗ್ಗುಲಾಗಿ ಮಲಗಿಬಿಟ್ಟ. ಇವತ್ತು ಬೆಳಗಿನ ಜಾವ ಉಸಿರು ಎಳೆಯೋಕೇ ಆಗ್ಲಿಲ್ಲ.” ಅಣ್ಣ ಈಗ ತೀವ್ರ ನಿಗಾ ಘಟಕದಲ್ಲಿದ್ದ.

FIR ದಾಖಲಾಯಿತು. ಮರುದಿನ ಹತ್ತು ಗಂಟೆಗೆ ಕೇಂದ್ರದಲ್ಲಿ ಪಂಚನಾಮೆ. ಯಂತ್ರಗಳ ಕೋಣೆಯ ಹಿಂದೆ ಸಣ್ಣ ಕಚೇರಿ: ಒಂದು ಮೇಜು, ಒಂದು ಕಂಪ್ಯೂಟರ್, ಗುಂಡಿಗಳ ಮೇಲಿನ ಅಂಕಿ ಸವೆದುಹೋದ ಒಂದು ಫೋನು. ಒಂಬತ್ತು ವರ್ಷದಿಂದ ಸೈಟ್ ನೋಡಿಕೊಳ್ಳುತ್ತಿದ್ದ ಮನುಷ್ಯನನ್ನು ಅಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಕೇಳುವ ಮೊದಲೇ ಅವರು ಕಡತ ತೆರೆದಿಟ್ಟರು.

“ಥೀಮ್ ಅಂದ್ರೆ ಸೈಟಿನ ಉಡುಪು ಸರ್. ಹಳೇದನ್ನ ತೆಗೆದು ಹೊಸದು ಹೊಲಿಸಿದ್ರು. ಅದನ್ನ ಹೊಲಿದ ಡಿಸೈನರ್ ಹುಡುಗಿ, ಸೈಟ್ ಕೆಟ್ಟಾಗ ಕಾಣೋ ಎರರ್ ಪುಟವನ್ನೂ ತನ್ನದೇ ಹಾಕಿದ್ದಾಳೆ. ನೋಡಿ, ಇಲ್ಲೇ ಇದೆ ಆ ಮಾತು. ತಾರೀಖು ಹತ್ತು. ಅವಳು ಕೆಲಸ ಒಪ್ಪಿಸಿದ ದಿನ.”

ಇನ್‌ಸ್ಪೆಕ್ಟರ್ ತಿರುಗಿದರು. “ಏನಮ್ಮಾ, ಇಲ್ಲಿಂದಲೇ ಬಂದಿದ್ದಾ?”

ಡೈರಿಗೆ ಗೊತ್ತಿರಲಿಲ್ಲ. ಆದರೂ ಹೌದೆಂದು ತಲೆಯಾಡಿಸಿದಳು. ಏಳನೇ ಸಾಲು ಬರೆದಳು: “ಸದರಿ ಸಂದೇಶವು ಥೀಮ್‌ನಿಂದಲೇ ಬಂದಿರುವುದು ಪರಿಶೀಲನೆಯಿಂದ ದೃಢಪಟ್ಟಿರುತ್ತದೆ.”

ಸಂಜೆ ಐದಕ್ಕೆ ವಿನ್ಯಾಸಕಿಯನ್ನು ಕರೆಸಿದರು. ಇಪ್ಪತ್ತೈದರ ಹುಡುಗಿ, ಕೈಯಲ್ಲಿ ಲ್ಯಾಪ್‌ಟಾಪ್.

“ಇದು ನೀನು ಬರೆದದ್ದಾ?”

“ಎರರ್ ಪುಟ ನಂದು ಸರ್. ಆ ಮಾತು ನಂದಲ್ಲ.”

“ಕಡತ ನಿಂದು, ತಾರೀಖು ನಿಂದು. ಮಾತು ಮಾತ್ರ ಪಕ್ಕದ ಮನೇದಾ?”

ಲ್ಯಾಪ್‌ಟಾಪ್ ಜಪ್ತಿಯಾಯಿತು. ಹದಿನೇಳರಂದು ಹನ್ನೊಂದಕ್ಕೆ ಹಾಜರಾಗಲು ನೋಟಿಸ್ ಕೊಟ್ಟರು. ಅಂದೇ ಬಂಧನವೆಂದು ಠಾಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಹಿ ಮಾಡಲು ಹುಡುಗಿಗೆ ಪೆನ್ನು ಕೊಟ್ಟವಳು ಡೈರಿ.

ಹದಿನಾರರ ಬೆಳಿಗ್ಗೆ ಸೈಕಲ್ ಕಳೆದುಕೊಂಡವನೊಬ್ಬ ಏಳೂಮುಕ್ಕಾಲಿಗೇ ಠಾಣೆಗೆ ಬಂದಿದ್ದನಂತೆ. ಬಾಗಿಲ ಪಹರೆಯವನು “ಹತ್ತು ಗಂಟೆಗೆ ಬಾ” ಎಂದು ಅಟ್ಟಿಬಿಟ್ಟಿದ್ದ. ಹೆಡ್ ಕಾನ್‌ಸ್ಟೇಬಲ್ ಬಂದವರೇ ರೇಗಿದರು.

“ಉತ್ತರ ಕೊಡೋಕೆ ನೀನ್ಯಾವ ದೊಡ್ಡ ಸಾಹೇಬನೋ?”

“ಆ ಹೊತ್ನಲ್ಲಿ ನಾನಲ್ದೆ ಇನ್ಯಾರಿದ್ರು ಸಾರ್? ನೀವಿನ್ನೂ ಮನೇಲಿ ಹಲ್ಲುಜ್ಜುತಿದ್ರಿ. ಒಳಗಿದ್ದೋನೇ ತಾನೆ ಉತ್ತರ ಕೊಡೋದು?”

ಡೈರಿಯ ಕೈ ನಿಂತಿತು. ದೋಷ ಬಂದ ಹೊತ್ತಿಗೆ ಒಳಗಿದ್ದವರು ಯಾರು?

ಸೈಟಿನಲ್ಲಿ ನಡೆದದ್ದನ್ನೆಲ್ಲ ಹೊತ್ತಿನ ಸಮೇತ ಬರೆದಿಡುವ ಸರ್ವರಿನ ಲಾಗ್ ತೆಗೆದು ಮೊದಲ ಸಾಲಿನಿಂದ ಓದಿದಳು. ಸೈಟ್ ತೆರೆದಾಗ ಮೊದಲು ಪ್ಲಗಿನ್‌ಗಳು, ಅಂದರೆ ಒಂದೊಂದು ಕೆಲಸಕ್ಕೆಂದು ಜೋಡಿಸಿದ ಪುಟ್ಟ ತಂತ್ರಾಂಶಗಳು, ಒಂದೊಂದಾಗಿ ಎದ್ದು ಬರುತ್ತವೆ. ಥೀಮ್ ಎದ್ದೇಳುವುದು ಅವುಗಳ ಸರದಿ ಮುಗಿದ ಮೇಲೆ. 6.40ಕ್ಕೆ ಎಡವಿದ್ದು ಪಾಳಿ ಕಾದಿರಿಸುವ ಪ್ಲಗಿನ್, ಅದೂ ಏಳುವಾಗಲೇ. ಅಲ್ಲಿಗೆ ಎಲ್ಲ ನಿಂತಿತ್ತು. ‘ದೋಷವಾದರೆ ನನ್ನ ಪುಟ ತೋರಿಸಿ’ ಎಂದು ಹೇಳಲು ಥೀಮ್ ಇನ್ನೂ ಬಂದೇ ಇರಲಿಲ್ಲ.

ನಕಲು ಸೈಟ್ ಮಾಡಿ ಅದೇ ಪ್ಲಗಿನನ್ನು ಬೇಕೆಂದೇ ಕೆಡಿಸಿದಳು. ಬಂದದ್ದು ಬರೀ ಬಿಳಿ ಪುಟ, ಆ ಮಾತಿಲ್ಲ. ಐದು ಸಲ ಮಾಡಿದಳು. ಐದು ಸಲವೂ ಬಿಳಿ ಪುಟವೇ.

ಇನ್‌ಸ್ಪೆಕ್ಟರ್ ಎದುರು ಹೋಗಿ ನಿಂತಳು. “ಸರ್, ಊಟ ಮುಗಿದ ಮೇಲೆ ಬಂದೋನ ಮೇಲೆ, ಸಾರಿಗೆ ಉಪ್ಪು ಜಾಸ್ತಿ ಹಾಕ್ದ ಅಂತ ದೂರು ಹಾಕಿದ ಹಾಗಾಗಿದೆ.”

ಹೆಡ್ ಕಾನ್‌ಸ್ಟೇಬಲ್ ನಕ್ಕರು. ಇನ್‌ಸ್ಪೆಕ್ಟರ್ ನಗಲಿಲ್ಲ. “ಹಾಗಾದ್ರೆ ಉಪ್ಪು ಹಾಕ್ದೋನು ಯಾರು?”

“ಪ್ಲಗಿನ್‌ಗಳಿಗಿಂತ ಮುಂಚೆ ಓಡೋ ಒಂದು ಫೋಲ್ಡರ್ ಇರುತ್ತೆ ಸರ್. ಅದರಲ್ಲಿ ಇಟ್ಟಿದ್ದು ಯಾರ ಅಪ್ಪಣೆಯನ್ನೂ ಕಾಯಲ್ಲ. ಈಗ ಖಾಲಿಯಿದೆ. ಸರ್ವರ್ ಕಂಪನಿ ದಿನಾ ನಕಲು ತೆಗೆದಿಡೋ ಹಳೇ ಬ್ಯಾಕಪ್ ಬೇಕು.”

ಸರ್ವರ್ ಕಂಪನಿಗೆ ಪತ್ರ ಹೋಯಿತು. ಉತ್ತರ ಬಂದಾಗ ಮಧ್ಯಾಹ್ನ 3.15. ಹದಿಮೂರನೇ ತಾರೀಖಿನ ಬ್ಯಾಕಪ್‌ನಲ್ಲಿ ಆ ಫೋಲ್ಡರ್ ಖಾಲಿಯಿರಲಿಲ್ಲ. ಒಂದು ಸಣ್ಣ ಕಡತವಿತ್ತು, ಅದರೊಳಗೆ ದೋಷವಾದಾಗ ತೋರಿಸಲೆಂದು ಅದೇ ಮಾತು. ಹನ್ನೊಂದರಂದು ಇಟ್ಟದ್ದು, ಹದಿನಾಲ್ಕರ ಬೆಳಿಗ್ಗೆ 9.20ಕ್ಕೆ, ರೋಗಿ ಆಸ್ಪತ್ರೆ ಸೇರಿದ ಸುದ್ದಿ ಕೇಂದ್ರಕ್ಕೆ ತಲುಪಿದ ಮೇಲೆ, ಅಳಿಸಿದ್ದು. ಎರಡೂ ಸಲ ಒಳಹೊಕ್ಕದ್ದು ಮೇಷ್ಟ್ರ ಗುಪ್ತಪದದಿಂದ. ಅದೇ ಬ್ಯಾಕಪ್‌ನ ಥೀಮ್‌ನಲ್ಲಿ ಮಾತ್ರ ಆ ಮಾತಿನ ಸುಳಿವೇ ಇಲ್ಲ. ಅದನ್ನು ಮೇಷ್ಟ್ರು ಆಮೇಲೆ ಸೇರಿಸಿ, ಕಡತದ ತಾರೀಖನ್ನು ಹತ್ತಕ್ಕೆ ತಿದ್ದಿದ್ದರು. ತಾರೀಖು ತಿದ್ದಬಹುದಿತ್ತು, ಯಾರ ಹಿಂದೆ ಯಾರು ಬರುತ್ತಾರೆ ಎಂಬುದನ್ನು ತಿದ್ದಲಾಗಲಿಲ್ಲ.

ಸಂಜೆ 5.10ಕ್ಕೆ ಕೇಂದ್ರದ ಕಚೇರಿಯಲ್ಲೇ ಬಂಧನ. ಮೇಷ್ಟ್ರು ವಾದಿಸಲಿಲ್ಲ.

“ಯಾಕೆ?” ಎಂದರು ಇನ್‌ಸ್ಪೆಕ್ಟರ್.

“ಹಳೇ ಸೈಟು ದಿನಾ ಕೆಡೋದು ಸರ್. ಕೆಟ್ಟಾಗೆಲ್ಲ ನನಗೇ ಫೋನ್. ಮೇಷ್ಟ್ರೇ ನಂದೆಷ್ಟು ಗಂಟೆಗೆ, ಮೇಷ್ಟ್ರೇ ಮಗಳಿಗೆ ಮದುವೆ ಗೊತ್ತಾಯ್ತು. ಹೊಸದು ಬಂದ ಮೇಲೆ ಫೋನೇ ಇಲ್ಲ. ಅದು ಬೆಳಿಗ್ಗೆ ಹೊತ್ತು ಎಡವುತ್ತೆ ಅಂತ ಗೊತ್ತಾಯ್ತು, ಆ ಮಾತು ಇಟ್ಟೆ. ನಾಲ್ಕು ಜನ ನೋಡಿದ್ರು. ಮೂರು ಜನ ಫೋನ್ ಮಾಡಿದ್ರು; ಬನ್ನಿ, ಸರಿಮಾಡಿದೀನಿ ಅಂದೆ.” ಮೇಜಿನ ಫೋನಿನ ಕಡೆ ನೋಡಿದರು. “ಒಬ್ಬ ಫೋನ್ ಮಾಡದೇ ಇರ್ತಾನೆ ಅಂತ ಅಂದ್ಕೊಂಡಿರ್ಲಿಲ್ಲ.”

ಹೊರಡುವಾಗ ಮೇಜಿನ ಫೋನು ಬಡಿದುಕೊಂಡಿತು. ಮೇಷ್ಟ್ರು ನಿಂತರು. “ಎತ್ಲಾ ಸರ್?” ಇನ್‌ಸ್ಪೆಕ್ಟರ್ ಬೇಡವೆಂದು ತಲೆಯಲ್ಲಾಡಿಸಿದರು. ಹೆಡ್ ಕಾನ್‌ಸ್ಟೇಬಲ್ ಎತ್ತಿ, “ರಾಂಗ್ ನಂಬರ್” ಎಂದು ಇಟ್ಟರು.

ಹದಿನೇಳರಂದು ಹನ್ನೊಂದಕ್ಕೆ ವಿನ್ಯಾಸಕಿ ಬಂದಳು, ಲ್ಯಾಪ್‌ಟಾಪ್ ವಾಪಸು ಪಡೆಯಲು. ಅಣ್ಣ ಕಣ್ಣು ಬಿಟ್ಟನೆಂದು ಹೊಲಿಗೆಯವಳು ಆಗಲೇ ಹೇಳಿ ಹೋಗಿದ್ದಳು. ಠಾಣೆ ಹಗುರವಾಗಿತ್ತು.

“ಆ ಮೇಷ್ಟ್ರು ನಮ್ಮನ್ನೂ ಯಾಮಾರಿಸಿದ್ರು ನೋಡಮ್ಮ,” ಎಂದರು ಇನ್‌ಸ್ಪೆಕ್ಟರ್. “ನಿನ್ನ ಉಳಿಸಿದ್ದು ನಮ್ಮ ಡೈರಿ. ಅವಳಿಗೊಂದು ಥ್ಯಾಂಕ್ಸ್ ಹೇಳು.”

ಹುಡುಗಿ ಡೈರಿಯ ಎರಡೂ ಕೈ ಹಿಡಿದುಕೊಂಡಳು. “ಅಕ್ಕಾ, ನೀವಿಲ್ಲದಿದ್ರೆ...”

ಒಂದು ಸಲ ತಲೆಯಾಡಿಸಿದರೆ ಮುಗಿಯುತ್ತಿತ್ತು. ಡೈರಿಯ ಕತ್ತು ಅಭ್ಯಾಸಬಲದಿಂದ ಅರ್ಧ ಬಾಗಿಯೂ ಬಾಗಿತು, ಅಲ್ಲೇ ನಿಂತಿತು. ಮೇಜಿನ ಮೇಲಿದ್ದ ಪಂಚನಾಮೆಯನ್ನು ಇನ್‌ಸ್ಪೆಕ್ಟರ್ ಕಡೆಗೆ ತಿರುಗಿಸಿ ಏಳನೇ ಸಾಲಿನ ಮೇಲೆ ಬೆರಳಿಟ್ಟಳು.

“ಮೇಷ್ಟ್ರು ಒಬ್ಬರೇ ಯಾಮಾರಿಸಿದ್ದಲ್ಲ ಸರ್. ನೀವು ಕೇಳಿದಾಗ ನನಗೆ ಗೊತ್ತಿರಲಿಲ್ಲ. ಗೊತ್ತು ಅಂತ ಬರೆದೆ.”