ಡೋಲಿನವನ ಎಡಗಾಲು

ನಾನು ಡೋಲು ಬಡಿದರೆ ನಮ್ಮ ದ್ವೀಪದ ಪೆಲೆ ಜ್ವಾಲಾಮುಖಿ ಎಚ್ಚರಗೊಂಡು, "ಸ್ವಲ್ಪ ಮೆಲ್ಲಗೆ ಮಾರಾಯ" ಎಂದು ಕೇಳಿಕೊಳ್ಳುತ್ತದೆ. ಅಂಥ ನಾನೇ ನಮ್ಮೂರು ಸೇಂತ್-ಮಾರಿಯ ಕುಣಿತದ ಮನೆಯ ಕಳ್ಳತನವನ್ನು ಒಂದು ಗುಟುಕು ರಮ್ ಮುಗಿಯುವಷ್ಟರಲ್ಲಿ ಪತ್ತೆ ಮಾಡಿದ್ದು.

ಗುರುವಾರ ಬೆಳಿಗ್ಗೆ ಆ ಮನೆ ನೋಡಿಕೊಳ್ಳುವ ಯೂಲೋಡಿ ಅತ್ತೆ ಗೋಡೆಗೆ ತೂಗುಹಾಕಿದ್ದ ಹಳೆಯ ಚಿತ್ರದ ಧೂಳು ಒರೆಸಿದಳು. ಬಟ್ಟೆಗೆ ಬಣ್ಣ ಹತ್ತಿತು. ಇನ್ನೂರೈವತ್ತು ವರ್ಷದ ಬಣ್ಣ ಹಸಿಯಾಗಿರುತ್ತದೆಯೆ? ನಕಲಿ!

ಅಸಲಿಯೂ ಅಂಥ ಘನಂದಾರಿ ಚಿತ್ರವೇನಲ್ಲ. ಕಬ್ಬಿನ ತೋಟದ ದೊರೆಯ ಮನೆಯಲ್ಲಿ ಉಂಡು ಮಲಗಿದ್ದ ಬಿಳಿಯ ಚಿತ್ರಗಾರನೊಬ್ಬ, ಗುಲಾಮರಾಗಿದ್ದ ನಮ್ಮ ಹಿರಿಯರು ಡೋಲಿನ ಬಡಿತಕ್ಕೆ ಕುಣಿಯುವುದನ್ನು ಬರೆದದ್ದು. ಎಲ್ಲರಿಗೂ ರೇಷ್ಮೆ, ಎಲ್ಲರಿಗೂ ನಗು. ಬೆನ್ನಿನ ಮೇಲೆ ಚಾಟಿಯ ಒಂದು ಬಾಸುಂಡೆಯೂ ಇಲ್ಲ. ಉಪ್ಪಿನ ಋಣ—ಥೂ! ಆದರೆ ನಮ್ಮವರದೆಂದು ಉಳಿದಿರುವುದು ಅದೊಂದೇ.

ಬೀಗದ ಕೈ ಇರುವುದು ಅತ್ತೆಯ ಸೊಂಟದಲ್ಲಿ ಮಾತ್ರ. ಇನ್ಸ್‌ಪೆಕ್ಟರ್ ಕ್ಲೆರೊಂ ಅವಳನ್ನೇ ಹಿಡಿದೊಯ್ಯಲು ಜೀಪು ತಂದ.

ಚಿತ್ರವನ್ನು ಶುಚಿಮಾಡಿ ಮಂಗಳವಾರ ತಂದುಕೊಟ್ಟಿದ್ದವನು ಪಟ್ಟಣದ ವಾಲ್ಸೆನ್. ಅವನೂ ಬಂದು, ಕೈಗವಸು ಬಿಚ್ಚದೆ, ಅವತ್ತು ತೆಗೆದ ಒಂದು ಫೋಟೊ ಚಾಚಿದ—ತಾನು ಅಸಲಿಯನ್ನೇ ಒಪ್ಪಿಸಿದ್ದಕ್ಕೆ ಸಾಕ್ಷಿ. ಅದರಲ್ಲಿ ಚಿತ್ರದ ಪಕ್ಕ ನಿಂತ ಅತ್ತೆ ಕ್ಯಾಮೆರಾ ನೋಡುತ್ತಿದ್ದಳು, ಚಿತ್ರವನ್ನಲ್ಲ. ಡೋಲು ಬಡಿಯುವವರ ಕೈಗೆ ಕಲೆ ಕೊಟ್ಟರೆ ಹೀಗೇ ಆಗುವುದು ಎಂದೂ ಸೇರಿಸಿದ.

ನಾನು ಫೋಟೊ ನೋಡಿದೆ.

"ಸಾಹೇಬರೆ, ಇದರಲ್ಲಿ ಡೋಲಿನವನ ಎಡಗಾಲು ಎಲ್ಲಿದೆ?"

"ನೆಲದ ಮೇಲೆ," ಎಂದ ವಾಲ್ಸೆನ್. "ವಾದ್ಯ ತುಳಿಯೋ ಮೂರ್ಖ ಯಾರಿದ್ದಾನೆ?"

ಬಾಗಿಲಲ್ಲಿ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ನಮ್ಮ ಡೋಲನ್ನು ನೆಲಕ್ಕೆ ಅಡ್ಡ ಕೆಡವಿ, ಮೇಲೆ ಸವಾರಿ ಕೂತು, ಹಿಮ್ಮಡಿಯಿಂದ ಚರ್ಮ ಒತ್ತಿ ನಾದ ಬದಲಿಸುತ್ತಾರೆ. ಎಲ್ಲದರಲ್ಲೂ ಸುಳ್ಳು ಬರೆದ ಆ ಚಿತ್ರಗಾರ ಹಿಮ್ಮಡಿಯೊಂದನ್ನು ಮಾತ್ರ ಕಂಡಹಾಗೇ ಬರೆದಿದ್ದ. ನಕಲು ಮಾಡಿದ ಮಹಾಪಂಡಿತ ಅದನ್ನು ತಪ್ಪೆಂದುಕೊಂಡು ತಿದ್ದಿದ್ದಾನೆ! ಮಂಗಳವಾರದ ಫೋಟೊದಲ್ಲೇ ಕಾಲು ನೆಲದ ಮೇಲಿದೆಯೆಂದರೆ, ವಾಲ್ಸೆನ್ ತಂದುಕೊಟ್ಟದ್ದೇ ನಕಲಿ.

ಜೀಪು ಅವನನ್ನು ಒಯ್ದಿತು. ಅಸಲಿ ಅವನ ಬೀರುವಿನ ಹಿಂದೆ ಸಿಕ್ಕಿತು.

ಇದನ್ನು ನಾನು ನೂರನೆಯ ಸಲ ಕೇಳುಗರಿಗೆ ಹೇಳುತ್ತಿದ್ದಾಗ, ಅತ್ತೆ ಮೀನಿನ ವಡೆಯ ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದಳು.

"ಹಿಮ್ಮಡಿ ಕಂಡವನು ನೀನೇನೋ? ಡೋಲಿನ ಯಾವ ಕಡೆ ಕೂರ್ತೀಯ, ಹೇಳು ಇವರಿಗೆ."

ಸಿಕ್ಕಿಬಿದ್ದೆ. ನಾನು ಡೋಲು ಬಡಿಯುವವನಲ್ಲ. ಅದರ ಹಿಂಬದಿಗೆ ಕೂತು ಎರಡು ಕಡ್ಡಿ ಕುಟ್ಟುವವನು. ನನಗೆ ಕಾಣುವುದು ಬಾರಿಸುವವನ ಬೆನ್ನು. ಹಿಮ್ಮಡಿ ಕಾಣುವುದು ಎದುರಿಗೆ ಕುಣಿಯುವವರಿಗೆ. ನಲವತ್ತು ವರ್ಷ ಹಾಗೆ ಕುಣಿದವಳು ಅತ್ತೆ. ಫೋಟೊ ನೋಡಿದವಳೂ ಅವಳೇ, ಎಡಗಾಲು ಎಲ್ಲಿ ಎಂದು ಕೇಳಿದವಳೂ ಅವಳೇ.

ನಾನು ಆಗ ಜೀಪಿಗೆ ಹೆದರಿ ಮೇಜಿನ ಕೆಳಗಿದ್ದೆ.